ಸುಖದುಃಖ ಕೇಳಿದ ಸುಂಕದವ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಫೋನ್ ಮಾಡಿದ್ದರು. ಶಾಲೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇರುತ್ತಾರೆ, ನಾನು ಒಬ್ಬ ದೊಡ್ಡ ಮನುಷ್ಯನ ಜೀವನ ಚರಿತ್ರೆ ಬರೆದುಕೊಡುತ್ತೇನೆ ಎಂದೆ. ಯಾರದು ಎಂದು ಕೇಳಿದರು. ಚಾಸರ್ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ.

ಜೆಫ್ರಿ ಚಾಸರ್ ಆರುನೂರು ವರ್ಷಗಳ ಹಿಂದೆ ಲಂಡನ್ನಿನ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ಬರೆಯುತ್ತಿದ್ದ ಸರ್ಕಾರಿ ನೌಕರ. ಇಂಗ್ಲಿಷ್ ಕಾವ್ಯದ ಪಿತಾಮಹ ಎಂದು ಅವನನ್ನು ಈಗ ಕರೆಯುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮಲ್ಲಿ ಗಾದೆ ಇದೆ. ಈ ಸುಂಕದವ ಮಾತ್ರ ಎಲ್ಲರ ಸುಖದುಃಖವನ್ನೂ ಕಿವಿಗೊಟ್ಟು ಕೇಳಿದ. ಕೇಳಿದ್ದನ್ನು ದೊಡ್ಡವರ ಭಾಷೆಯಲ್ಲಿ ಬರೆಯದೆ ಕೇರಿಯ ಜನ ಆಡುವ ಭಾಷೆಯಲ್ಲಿ ಬರೆದಿಟ್ಟ.

ನಾವು ಓದುವಾಗ ಪಠ್ಯಪುಸ್ತಕದಲ್ಲಿ ಚಾಸರ್ ಇರಲಿಲ್ಲ. ಅವನು ನಮ್ಮ ತರಗತಿಗೆ ಬಂದದ್ದು ಒಂದು ಸ್ಪೆಲಿಂಗಿನ ತಕರಾರಿನಿಂದ. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಗುರುಗಳು ಉಕ್ತಲೇಖನ ಬರೆಸುತ್ತಿದ್ದರು. ನೈಟ್ ಎಂಬ ಪದ ಬಂತು, ಕುದುರೆ ಏರಿದ ವೀರ ಎಂಬ ಅರ್ಥದ್ದು. ಬಾಯಲ್ಲಿ ಇಲ್ಲದ ಕೆ ಅಕ್ಷರ ಮುಂದೆ ಯಾಕೆ, ನಡುವೆ ಜಿ ಮತ್ತು ಎಚ್ ಯಾಕೆ ಎಂದು ಹಿಂದಿನ ಬೆಂಚಿನ ಒಬ್ಬ ಎದ್ದು ಕೇಳಿದ. ಗುರುಗಳು ಗದರಿಸಲಿಲ್ಲ. ಚಾಸರನ ಕಾಲದಲ್ಲಿ ಆ ಅಕ್ಷರಗಳನ್ನೆಲ್ಲ ಉಚ್ಚರಿಸುತ್ತಿದ್ದರು, ಕ್ನಿಖ್ಟ್ ಎಂಬಂತೆ ಕೇಳಿಸುತ್ತಿತ್ತು, ಆಮೇಲೆ ನಾಲಿಗೆ ಬದಲಾಯಿತು, ಬರವಣಿಗೆ ಹಾಗೇ ಉಳಿಯಿತು ಎಂದು ವಿವರಿಸಿದರು. ಇಂಗ್ಲಿಷ್ ಎಂಬುದು ಆಕಾಶದಿಂದ ಇಳಿದದ್ದಲ್ಲ, ಅದನ್ನೂ ಮನುಷ್ಯರು ಬೆಳೆಸಿದ್ದಾರೆ, ಕೆಡಿಸಿದ್ದಾರೆ, ರಿಪೇರಿ ಮಾಡಿದ್ದಾರೆ ಎಂದು ನನಗೆ ಅಂದು ಹೊಳೆಯಿತು. ಇಂಗ್ಲಿಷ್ ಎಂದರೆ ಹೊಟ್ಟೆಯಲ್ಲಿ ನಡುಕ ಹುಟ್ಟುತ್ತಿದ್ದ ನಮ್ಮಂಥವರಿಗೆ ಅದು ಸಣ್ಣ ಮಾತಾಗಿರಲಿಲ್ಲ. ಮುಂದಿನ ಎರಡು ಮೂರು ಪಿರಿಯಡ್ ಅವರು ಚಾಸರನ ಯಾತ್ರಿಕರ ಕಥೆಗಳನ್ನು ಕನ್ನಡದಲ್ಲೇ ಹೇಳಿದರು. ಉಳಿದದ್ದನ್ನು ನಾನು ಓದಿಕೊಂಡದ್ದು ಕೆಲಸಕ್ಕೆ ಸೇರಿದ ಮೇಲೆ.

ಚಾಸರ್ ಹುಟ್ಟಿದ್ದು 1340ರ ದಶಕದ ಆರಂಭದಲ್ಲಿ, ಲಂಡನ್ನಿನಲ್ಲಿ. ತಂದೆ ಜಾನ್ ಚಾಸರ್ ದ್ರಾಕ್ಷಾರಸದ ಸಗಟು ವ್ಯಾಪಾರಿ. ಈ ತಂದೆಯನ್ನು ಹುಡುಗನಾಗಿದ್ದಾಗ, 1324ರಲ್ಲಿ, ಸ್ವಂತ ಅತ್ತೆಯೇ ಅಪಹರಿಸಿದ್ದಳು. ತನ್ನ ಮಗಳಿಗೆ ಅವನನ್ನು ಗಂಟುಹಾಕಿ ಆಸ್ತಿ ಉಳಿಸಿಕೊಳ್ಳುವ ಹಂಚಿಕೆ. ಪ್ರಕರಣ ಕೋರ್ಟಿಗೆ ಹೋಗಿ ಅತ್ತೆ ಸೆರೆಮನೆ ಸೇರಿದಳು. ಹೊಲಮನೆಯ ಸಲುವಾಗಿ ಸೋದರಸಂಬಂಧದಲ್ಲೇ ಮದುವೆ ಮಾಡುವುದು ನಮ್ಮಲ್ಲಿ ಮಾತ್ರ ಎಂದುಕೊಂಡವರು ಗಮನಿಸಬೇಕು. ಜೆಫ್ರಿ ಇನ್ನೂ ಚಿಕ್ಕವನಿದ್ದಾಗ, 1348ರಲ್ಲಿ, ಪ್ಲೇಗ್ ಮಾರಿ ಇಂಗ್ಲೆಂಡಿಗೆ ಬಂತು. ಬಂಧುಗಳು ಹಲವರು ಸತ್ತರು, ಅವರ ಆಸ್ತಿ ಈ ಕುಟುಂಬಕ್ಕೆ ಬಂತು. ಮಗು ಉಳಿಯಿತು.

ಅವನ ಹೆಸರು ಮೊದಲು ಸಿಗುವುದು 1357ರ ಒಂದು ಖರ್ಚಿನ ಪಟ್ಟಿಯಲ್ಲಿ. ರಾಜನ ಸೊಸೆಯ ಮನೆವಾರ್ತೆಯಲ್ಲಿ ಹುಡುಗ ಚಾಸರ್ ಊಳಿಗಕ್ಕಿದ್ದ. ಅವನಿಗೊಂದು ಗಿಡ್ಡ ಅಂಗಿ, ಕೆಂಪು ಕಪ್ಪು ಬಣ್ಣದ ಕಾಲುಡುಗೆ, ಒಂದು ಜೊತೆ ಬೂಟು ಕೊಡಿಸಿದ ಲೆಕ್ಕ ಅದು. ಆ ಹಾಳೆಗಳು ಉಳಿದದ್ದು ಕೂಡ ವಿಚಿತ್ರ: ಬೇಡದ ಕಾಗದವೆಂದು ಯಾರೋ ಅವನ್ನು ಬೇರೊಂದು ಹಸ್ತಪ್ರತಿಯ ರಟ್ಟಿಗೆ ಅಂಟಿಸಿದ್ದರು. ಐನೂರು ವರ್ಷ ಅಲ್ಲೇ ಅಡಗಿ ಕುಳಿತಿದ್ದವು.

1359ರಲ್ಲಿ ರಾಜ ಮೂರನೆಯ ಎಡ್ವರ್ಡ್ ಫ್ರಾನ್ಸಿನ ಮೇಲೆ ದಂಡೆತ್ತಿ ಹೋದಾಗ ಚಾಸರನೂ ಹೋದ. ರ‍್ಯಾನ್ಸ್ ಪಟ್ಟಣದ ಬಳಿ ಶತ್ರುಗಳ ಕೈಗೆ ಸಿಕ್ಕ. ಮರುವರ್ಷ ಬಿಡುಗಡೆಯ ಹಣಕ್ಕೆ ರಾಜ 16 ಪೌಂಡ್ ಕೊಟ್ಟ. ಆಮೇಲೆ ಅರಮನೆಯ ಕೆಲಸ, ರಾಣಿಯ ಸೇವೆಯಲ್ಲಿದ್ದ ಫಿಲಿಪ್ಪಾಳೊಡನೆ ಮದುವೆ, 1367ರಲ್ಲಿ ರಾಜನಿಂದ ವರ್ಷಾಶನ. 1372ರ ಕೊನೆಯಲ್ಲಿ ಅವನನ್ನು ಜಿನೋವಾ ಮತ್ತು ಫ್ಲಾರೆನ್ಸಿಗೆ ರಾಜಕಾರ್ಯಕ್ಕೆ ಕಳಿಸಿದರು. ಆ ಪ್ರವಾಸ ಅವನ ಬದುಕನ್ನು ತಿರುಗಿಸಿತು ಎಂದು ನನಗನ್ನಿಸುತ್ತದೆ. ಫ್ಲಾರೆನ್ಸಿನ ದಾಂತೆ ಎಂಬ ಮಹಾಕವಿ ಸತ್ತು ಐವತ್ತು ವರ್ಷವಾಗಿತ್ತು. ಅವನು ಲ್ಯಾಟಿನ್ ಬಿಟ್ಟು ಊರ ಭಾಷೆಯಲ್ಲಿ ಸ್ವರ್ಗ ನರಕಗಳನ್ನೆಲ್ಲ ಬರೆದು ತೋರಿಸಿದ್ದ. ಬೊಕ್ಕಾಚಿಯೋ ಇನ್ನೂ ಬದುಕಿದ್ದ. ತಾಯ್ನುಡಿಯಲ್ಲಿ ದೊಡ್ಡದನ್ನು ಬರೆಯಬಹುದು ಎಂಬುದಕ್ಕೆ ಅಲ್ಲಿ ಕಣ್ಣೆದುರೇ ಸಾಕ್ಷಿ ಇತ್ತು.

ಇಲ್ಲಿ ಇಂಗ್ಲೆಂಡಿನ ಅಂದಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ದೇಶವನ್ನು ಗೆದ್ದುಕೊಂಡ ಮೇಲೆ ಮುನ್ನೂರು ವರ್ಷ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು. ಚರ್ಚು, ವಿದ್ಯೆ, ದಫ್ತರ ಎಲ್ಲ ಲ್ಯಾಟಿನ್. ಇಂಗ್ಲಿಷ್ ಎಂದರೆ ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಆಡುವ ಮಾತು. ವಾದಿ ಪ್ರತಿವಾದಿಗಳಿಗೆ ಫ್ರೆಂಚ್ ತಿಳಿಯುವುದಿಲ್ಲವಾದ್ದರಿಂದ ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ವಾದಿಸಬೇಕೆಂದು 1362ರಲ್ಲಿ ಕಾಯ್ದೆಯಾಯಿತು. ತಮಾಷೆ ಎಂದರೆ, ಆ ಕಾಯ್ದೆಯನ್ನು ಬರೆದದ್ದು ಫ್ರೆಂಚಿನಲ್ಲಿ.

ಶಾಲೆಗಳಲ್ಲೂ ಇದೇ ಜಗಳ. ಮಕ್ಕಳು ಲ್ಯಾಟಿನ್ ಪಾಠದ ಅರ್ಥವನ್ನು ಫ್ರೆಂಚಿನಲ್ಲಿ ಹೇಳಬೇಕಿತ್ತು. ಅಂದರೆ ಗೊತ್ತಿಲ್ಲದ ಒಂದು ಭಾಷೆಯನ್ನು ಗೊತ್ತಿಲ್ಲದ ಇನ್ನೊಂದು ಭಾಷೆಯ ಮೂಲಕ ಕಲಿಯುವುದು. ಪ್ಲೇಗಿನ ನಂತರ ಇದು ಬದಲಾಯಿತು. ಜಾನ್ ಟ್ರೆವಿಸಾ ಎಂಬ ಪಾದ್ರಿ 1385ರಲ್ಲಿ ಈ ಬಗ್ಗೆ ಬರೆದಿದ್ದಾನೆ. ಶಾಲೆಗಳೆಲ್ಲ ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲಿ ಕಲಿಸುತ್ತಿವೆ, ಲಾಭವೆಂದರೆ ಮಕ್ಕಳು ವ್ಯಾಕರಣವನ್ನು ಬೇಗ ಕಲಿಯುತ್ತಾರೆ, ನಷ್ಟವೆಂದರೆ ಅವರಿಗೆ ಫ್ರೆಂಚ್ ಬರುವುದಿಲ್ಲ, ಕಡಲು ದಾಟಿ ಪರದೇಶಕ್ಕೆ ಹೋದರೆ ಕಷ್ಟವಾಗುತ್ತದೆ ಎಂದು ಎರಡೂ ಪಕ್ಕದ ಲೆಕ್ಕ ಕೊಡುತ್ತಾನೆ. ನಮ್ಮ ಊರ ಕಟ್ಟೆಯ ಮೇಲೆ ಇಂದು ಸಂಜೆ ಈ ವಿಷಯ ಎತ್ತಿದರೂ ಇವೇ ಎರಡು ಮಾತು ಕೇಳಿಬರುತ್ತವೆ, ಭಾಷೆಗಳ ಹೆಸರು ಮಾತ್ರ ಬೇರೆ. ಹಳದಿ ಬಸ್ಸುಗಳು ಬೆಳಿಗ್ಗೆ ನಮ್ಮ ಶಾಲೆಯ ಗೇಟಿನ ಮುಂದೆಯೇ ಹಾದು ಮಕ್ಕಳನ್ನು ಪಟ್ಟಣಕ್ಕೆ ಒಯ್ಯುತ್ತವೆ. ನನ್ನ ಮಗಳೂ ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೇ ಓದುತ್ತಾಳೆ, ಹಾಗಾಗಿ ಯಾರಿಗೂ ಬುದ್ಧಿ ಹೇಳಲು ಹೊರಟಿಲ್ಲ. ಟ್ರೆವಿಸಾ ಇಟ್ಟ ಲೆಕ್ಕ ಇನ್ನೂ ತೀರಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

1374 ಚಾಸರನಿಗೆ ಒಳ್ಳೆಯ ವರ್ಷ. ಏಪ್ರಿಲ್ 23ರಂದು ರಾಜ ಅವನಿಗೆ ಬದುಕಿರುವವರೆಗೆ ದಿನಕ್ಕೊಂದು ಹೂಜಿ ದ್ರಾಕ್ಷಾರಸ ಕೊಡಬೇಕೆಂದು ಅಪ್ಪಣೆ ಮಾಡಿದ. ಮೇ ತಿಂಗಳಲ್ಲಿ ಲಂಡನ್ ಕೋಟೆಯ ಆಲ್ಡ್‌ಗೇಟ್ ಎಂಬ ಅಗಸೆಯ ಮೇಲಿನ ಮನೆ ಬಾಡಿಗೆಯಿಲ್ಲದೆ ಸಿಕ್ಕಿತು. ಜೂನಿನಲ್ಲಿ ಉಣ್ಣೆ ಮತ್ತು ತೊಗಲಿನ ಸುಂಕದ ಕಂಟ್ರೋಲರ್ ಹುದ್ದೆ, ವರ್ಷಕ್ಕೆ 10 ಪೌಂಡ್ ಸಂಬಳ. ಉಣ್ಣೆ ಎಂದರೆ ಅಂದಿನ ಇಂಗ್ಲೆಂಡಿನ ಬೆನ್ನೆಲುಬು. ರಾಜನ ಯುದ್ಧಗಳೆಲ್ಲ ನಡೆದದ್ದು ಆ ಸುಂಕದಲ್ಲಿ. ವಸೂಲಿಗಾರರು ಬೇರೆ ಇದ್ದರು, ಅವರೆಲ್ಲ ಊರಿನ ಭಾರಿ ಸಾಹುಕಾರರು, ತಾವೇ ಉಣ್ಣೆ ವ್ಯಾಪಾರ ಮಾಡುವವರು, ರಾಜನಿಗೇ ಸಾಲ ಕೊಟ್ಟವರು. ಅವರು ಬರೆದ ಲೆಕ್ಕಕ್ಕೆ ಎದುರು ಲೆಕ್ಕ ಬರೆಯುವುದು ಚಾಸರನ ಕೆಲಸ. ವರ್ಷದ ಕೊನೆಗೆ ಎರಡೂ ತಾಳೆಯಾಗಬೇಕು. ಮುದ್ರೆಯಲ್ಲೂ ಎರಡು ಭಾಗ, ಒಂದು ಅವರ ಕೈಯಲ್ಲಿ, ಒಂದು ಇವನ ಕೈಯಲ್ಲಿ. ಇವನು ತನ್ನ ಸ್ವಂತ ಕೈಯಿಂದಲೇ ಬರೆಯಬೇಕು, ಗುಮಾಸ್ತರಿಂದ ಬರೆಸಕೂಡದು ಎಂದು ನೇಮಕದ ಆದೇಶದಲ್ಲೇ ಇತ್ತು. ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಎರಡು ಕಡೆಯ ಲೆಕ್ಕ ತಾಳೆ ನೋಡುವ ಪ್ರೋಗ್ರಾಮ್ ಬರೆಯುವುದೇ ನನ್ನ ಹೊಟ್ಟೆಪಾಡು. ಅಷ್ಟು ದೊಡ್ಡ ಕುಳಗಳ ಎದುರು ಹತ್ತು ಪೌಂಡಿನ ನೌಕರ ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲ ಎಂಬುದನ್ನು ನಾನು ಊಹಿಸಬಲ್ಲೆ.

ಹನ್ನೆರಡು ವರ್ಷ ಆ ಕೆಲಸ ಮಾಡಿದ. ಹಗಲೆಲ್ಲ ಲೆಕ್ಕ, ರಾತ್ರಿ ಅಗಸೆಯ ಮೇಲಿನ ಮನೆಗೆ ಬಂದು ಕಣ್ಣು ಮಂಜಾಗುವವರೆಗೆ ಓದು. ಲೆಕ್ಕದ ಪುಸ್ತಕ ಮುಚ್ಚಿ ಇನ್ನೊಂದು ಪುಸ್ತಕ ತೆರೆಯುವ ತನ್ನ ಈ ಚಟವನ್ನು ಅವನೇ ಒಂದು ಕಾವ್ಯದಲ್ಲಿ ಹದ್ದಿನ ಬಾಯಿಂದ ಗೇಲಿ ಮಾಡಿಸಿಕೊಂಡಿದ್ದಾನೆ. ಟ್ರಾಯ್ಲಸ್ ಮತ್ತು ಕ್ರಿಸೈಡ್ ಎಂಬ ಅವನ ದೊಡ್ಡ ಪ್ರೇಮಕಾವ್ಯ ಈ ವರ್ಷಗಳದ್ದು.

ಈ ಅವಧಿಯ ಒಂದು ಕಹಿ ಪ್ರಕರಣವನ್ನೂ ಬಿಡಬಾರದು. 1380ರ ಒಂದು ದಾಖಲೆಯ ಆಧಾರದ ಮೇಲೆ ಚಾಸರ್ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಎಸಗಿದ ಆರೋಪಿ ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರಲ್ಲಿ ಚರ್ಚೆ ನಡೆದಿತ್ತು. 2022ರಲ್ಲಿ ಪ್ರಕಟವಾದ ಹೊಸ ಕೋರ್ಟು ಕಾಗದಗಳಲ್ಲಿ ಆಕೆ ಮತ್ತು ಚಾಸರ್ ಇಬ್ಬರೂ ಒಂದೇ ಪಕ್ಷದಲ್ಲಿದ್ದಾರೆ. ಕೆಲಸದಾಳನ್ನು ತನ್ನಿಂದ ಸೆಳೆದುಕೊಂಡರೆಂದು ಅವಳ ಹಳೆಯ ಯಜಮಾನ ಇಬ್ಬರ ಮೇಲೂ ಹೂಡಿದ್ದ ದಾವೆ ಅದು. ಕಡತಗಳನ್ನು ಇಲಿ ತಿನ್ನದಂತೆ ಕಾಪಾಡಿದರೆ ಏನೆಲ್ಲ ಬೆಳಕಿಗೆ ಬರುತ್ತದೆ ನೋಡಿ.

1381ರ ಜೂನಿನಲ್ಲಿ ತೆರಿಗೆಯ ಭಾರಕ್ಕೆ ರೊಚ್ಚಿಗೆದ್ದ ರೈತರು ಲಂಡನ್ನಿಗೆ ನುಗ್ಗಿದರು. ಎಸೆಕ್ಸ್ ಕಡೆಯವರು ಒಳಗೆ ಬಂದದ್ದು ಆಲ್ಡ್‌ಗೇಟ್ ಮೂಲಕವೇ. ಆರ್ಚ್‌ಬಿಷಪ್ಪನ ತಲೆ ಕಡಿದರು, ರಾಜನ ಚಿಕ್ಕಪ್ಪನ ಅರಮನೆ ಸುಟ್ಟರು. ಚಾಸರ್ ತನ್ನ ಅಷ್ಟೂ ಬರವಣಿಗೆಯಲ್ಲಿ ಇದನ್ನು ನೇರವಾಗಿ ನೆನೆದದ್ದು ಒಂದೇ ಕಡೆ, ಅದೂ ಕೋಳಿ ಹಿಡಿದ ನರಿಯನ್ನು ಅಟ್ಟಿಸಿಕೊಂಡು ಹೋಗುವ ಗದ್ದಲಕ್ಕೆ ಹೋಲಿಕೆಯಾಗಿ. ನನಗೆ ಇದು ಸಮಾಧಾನ ತರುವುದಿಲ್ಲ. ಸರ್ಕಾರಿ ನೌಕರ, ಬಾಯಿ ಮುಚ್ಚಿಕೊಂಡಿದ್ದ ಎನ್ನಬೇಕಷ್ಟೆ.

1386ರಲ್ಲಿ ಎಲ್ಲ ತಲೆಕೆಳಗಾಯಿತು. ಆ ವರ್ಷ ಕೆಂಟ್ ಪ್ರಾಂತದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿ ಹೋಗಿದ್ದ. ಯುವಕ ರಾಜ ಎರಡನೆಯ ರಿಚರ್ಡನ ವಿರುದ್ಧ ದೊಡ್ಡ ಪಾಳೆಯಗಾರರು ತಿರುಗಿಬಿದ್ದರು. ರಾಜನ ಕಡೆಯವನೆನಿಸಿಕೊಂಡ ಚಾಸರನಿಗೆ ಹುದ್ದೆ ಹೋಯಿತು, ಅಗಸೆಯ ಮನೆ ಹೋಯಿತು. ಮರುವರ್ಷದ ಹೊತ್ತಿಗೆ ಹೆಂಡತಿ ತೀರಿಕೊಂಡಳು. 1388ರಲ್ಲಿ ಅವನ ಪರಿಚಯದವರು ಹಲವರು ನೇಣಿಗೇರಿದರು, ತಲೆದಂಡ ಕೊಟ್ಟರು. ಅವನು ವರ್ಷಾಶನವನ್ನು ಬೇರೆಯವನಿಗೆ ವರ್ಗಾಯಿಸಿದ, ಸಾಲಗಾರರು ಕೋರ್ಟಿಗೆ ಎಳೆದರು. ನಲವತ್ತು ದಾಟಿದ ವಿಧುರ, ಕೆಲಸವಿಲ್ಲ, ಮನೆಯಿಲ್ಲ. ಅವನು ಕ್ಯಾಂಟರ್ಬರಿ ಟೇಲ್ಸ್ ಆರಂಭಿಸಿದ್ದು ಈ ದಿನಗಳಲ್ಲಿ.

ಕ್ಯಾಂಟರ್ಬರಿಯಲ್ಲಿ ಸಂತ ಥಾಮಸ್ ಬೆಕೆಟ್‌ನ ಗದ್ದುಗೆ ಇತ್ತು. 1170ರಲ್ಲಿ ಚರ್ಚಿನೊಳಗೇ ಕೊಲೆಯಾದವನು ಅವನು. ಚಳಿಗಾಲ ಮುಗಿದು ಚಿಗುರು ಬಂದಾಗ ಜನ ಗುಂಪುಗೂಡಿ ಯಾತ್ರೆ ಹೊರಡುತ್ತಿದ್ದರು, ಯುಗಾದಿಗೆ ಮುಂಚೆ ನಮ್ಮೂರವರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವಂತೆ. ಲಂಡನ್ನಿನ ಹೊಳೆಯಾಚೆ ಒಂದು ಛತ್ರದಲ್ಲಿ ಸುಮಾರು ಮೂವತ್ತು ಜನ ಕೂಡುತ್ತಾರೆ. ದಾರಿ ಸವೆಯಲಿಕ್ಕೆ ಪ್ರತಿಯೊಬ್ಬರೂ ಹೋಗುವಾಗ ಎರಡು, ಬರುವಾಗ ಎರಡು ಕಥೆ ಹೇಳಬೇಕು, ಗೆದ್ದವರಿಗೆ ಉಳಿದವರ ಖರ್ಚಿನಲ್ಲಿ ಊಟ ಎಂದು ಛತ್ರದವನು ಪಂದ್ಯ ಕಟ್ಟುತ್ತಾನೆ. ಲೆಕ್ಕದ ಪ್ರಕಾರ ನೂರಿಪ್ಪತ್ತು ಕಥೆ ಆಗಬೇಕಿತ್ತು. ಚಾಸರ್ ಬರೆದದ್ದು 24, ಅದರಲ್ಲೂ ಕೆಲವು ಅರ್ಧ. ನನ್ನ ವೃತ್ತಿಯವರಿಗೆ ಇದು ಹೊಸದಲ್ಲ.

ಆದರೆ ಯಾರೆಲ್ಲ ಇದ್ದಾರೆ ಆ ಗುಂಪಿನಲ್ಲಿ! ಯುದ್ಧದಿಂದ ನೇರ ಬಂದ ನೈಟ್ ಇದ್ದಾನೆ. ಹಿಟ್ಟು ಕದಿಯುವ ಗಿರಣಿಯವನಿದ್ದಾನೆ. ಐದು ಗಂಡಂದಿರನ್ನು ಕಂಡ, ಒಂದು ಕಿವಿ ಮಂದವಾದ, ಯಾರಿಗೂ ಸೊಪ್ಪು ಹಾಕದ ಬಾತ್ ಊರಿನ ಹೆಂಗಸು ಇದ್ದಾಳೆ. ಹಂದಿಯ ಮೂಳೆಯನ್ನು ಸಂತರ ಮೂಳೆಯೆಂದು ಮಾರುವ ಪಾಪವಿಮೋಚಕನಿದ್ದಾನೆ. ಮೈತುಂಬ ಸಾಲವಿದ್ದರೂ ಠೀವಿ ಬಿಡದ ವ್ಯಾಪಾರಿ, ಬಟ್ಟೆ ಹರಿದಿದ್ದರೂ ಪುಸ್ತಕಕ್ಕೇ ದುಡ್ಡು ಸುರಿಯುವ ಬಡ ವಿದ್ಯಾರ್ಥಿ. ಇರುವುದಕ್ಕಿಂತ ಹೆಚ್ಚು ಗಡಿಬಿಡಿ ತೋರಿಸುವ ವಕೀಲನೊಬ್ಬನಿದ್ದಾನೆ, ಅಂಥ ಮ್ಯಾನೇಜರುಗಳನ್ನು ನಾನು ಬಲ್ಲೆ. ಗೊಬ್ಬರ ಹೊತ್ತ ರೈತ ಮತ್ತು ಮಳೆಗಾಳಿಯಲ್ಲಿ ಮನೆಮನೆಗೆ ನಡೆದು ಹೋಗುವ ಬಡ ಪಾದ್ರಿ ಅಣ್ಣತಮ್ಮಂದಿರು. ಇವರಿಬ್ಬರನ್ನು ಮಾತ್ರ ಚಾಸರ್ ಎಲ್ಲೂ ಗೇಲಿ ಮಾಡುವುದಿಲ್ಲ. ತನ್ನನ್ನೂ ಗುಂಪಿನಲ್ಲಿ ಸೇರಿಸಿಕೊಂಡಿದ್ದಾನೆ. ಅವನ ಸರದಿ ಬಂದಾಗ ಹೇಳುವ ಪದ್ಯ ಎಷ್ಟು ಕೆಟ್ಟದಾಗಿದೆ ಎಂದರೆ ಛತ್ರದವನು ನಡುವೆಯೇ ತಡೆದು ಸಾಕು ಮಾಡಿಸುತ್ತಾನೆ.

ಪಾಪವಿಮೋಚಕ ಹೇಳುವ ಕಥೆ ಇದು: ಮೂವರು ಪುಂಡರು ಸಾವನ್ನು ಹುಡುಕಿ ಕೊಲ್ಲುತ್ತೇವೆಂದು ಹೊರಟವರು ಮರದ ಬುಡದಲ್ಲಿ ಹೊನ್ನಿನ ರಾಶಿ ಕಾಣುತ್ತಾರೆ. ಕಿರಿಯನನ್ನು ಊಟ ತರಲು ಕಳಿಸಿ, ಬಂದಮೇಲೆ ಕೊಲ್ಲುವುದೆಂದು ಇಬ್ಬರು ಹೊಂಚುತ್ತಾರೆ. ಅವನೋ ಇವರ ಪಾನೀಯಕ್ಕೆ ವಿಷ ಬೆರೆಸಿ ತರುತ್ತಾನೆ. ಮೂವರೂ ಸಾಯುತ್ತಾರೆ, ಹೊನ್ನು ಅಲ್ಲೇ ಉಳಿಯುತ್ತದೆ. ಗುರುಗಳು ಇದನ್ನು ಹೇಳಿ ಮುಗಿಸುವ ಮೊದಲೇ, ಸರ್, ಈ ಕಥೆ ನಮ್ಮಜ್ಜಿ ಹೇಳ್ತಾಳ್ರಿ ಎಂದು ಒಬ್ಬಳು ಕೂಗಿದಳು. ಅವಳು ಹೇಳಿದ್ದು ನಿಜ. ಈ ಕಥೆಯ ಬಹಳ ಹಳೆಯ ರೂಪ ಬುದ್ಧನ ಜಾತಕ ಕಥೆಗಳಲ್ಲಿ, ವೇದಬ್ಭ ಜಾತಕದಲ್ಲಿ ಇದೆ.

1389ರಲ್ಲಿ ರಾಜನ ಕೈ ಮತ್ತೆ ಮೇಲಾಯಿತು. ಚಾಸರನಿಗೆ ರಾಜನ ಕಟ್ಟಡ ಕೆಲಸಗಳ ಮೇಲ್ವಿಚಾರಣೆ ಸಿಕ್ಕಿತು, ನಮ್ಮ ಪಿ.ಡಬ್ಲ್ಯೂ.ಡಿ. ಎನ್ನಿ. ದಿನಕ್ಕೆ 2 ಶಿಲಿಂಗ್ ಕೂಲಿ. ಕಲ್ಲು, ಮರ, ಗಾರೆ, ಕೂಲಿಗಳ ಬಟವಾಡೆ. ಹಣ ಒಯ್ಯುವಾಗ 1390ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಸಲ ದರೋಡೆಯಾಯಿತು. ಹೋದ ಹಣ ಅವನು ಕಟ್ಟಿಕೊಡಬೇಕಿಲ್ಲ ಎಂದು ಸರ್ಕಾರ ಮನ್ನಾ ಮಾಡಿತು. 1391ರಲ್ಲಿ ಆ ಕೆಲಸ ಬಿಟ್ಟ.

ಆ ವರ್ಷವೇ ಅವನು ಬರೆದ ಒಂದು ಚಿಕ್ಕ ಪುಸ್ತಕವೇ ಅವನ ಎಲ್ಲ ಕೃತಿಗಳಲ್ಲಿ ನನಗೆ ಹತ್ತಿರದ್ದು. ಅದು ಕಾವ್ಯವಲ್ಲ, ಆಸ್ಟ್ರೊಲೇಬ್ ಎಂಬ ಯಂತ್ರದ ಕೈಪಿಡಿ. ಅಂಗೈಯಗಲದ ಹಿತ್ತಾಳೆಯ ತಟ್ಟೆ, ಮೇಲೆ ನಕ್ಷತ್ರಗಳ ಜಾಲರಿ, ಹಿಂದೆ ತಿರುಗುವ ಒಂದು ಪಟ್ಟಿ. ಸೂರ್ಯನೋ ನಕ್ಷತ್ರವೋ ಎಷ್ಟು ಎತ್ತರದಲ್ಲಿದೆ ಎಂದು ಆ ಪಟ್ಟಿಯಿಂದ ಅಳೆದು, ಜಾಲರಿ ತಿರುಗಿಸಿದರೆ ಗಂಟೆ ಎಷ್ಟು, ಯಾವ ರಾಶಿ ಹುಟ್ಟುತ್ತಿದೆ ಎಂದೆಲ್ಲ ಹೇಳಬಹುದು. ಅಂದಿನ ಕಂಪ್ಯೂಟರ್. ಚಾಸರನ ಮಗ ಲೂಯಿಸನಿಗೆ ಹತ್ತು ವರ್ಷ, ಲೆಕ್ಕದಲ್ಲಿ ಚುರುಕು. ಅಪ್ಪ ಅವನಿಗೆ ಆಕ್ಸ್‌ಫರ್ಡಿನ ಅಕ್ಷಾಂಶಕ್ಕೆ ಹೊಂದಿಸಿದ ಯಂತ್ರ ಕೊಟ್ಟ. ಆದರೆ ಯಂತ್ರದ ಬಗ್ಗೆ ಇದ್ದ ಪುಸ್ತಕಗಳೆಲ್ಲ ಲ್ಯಾಟಿನ್. ಹುಡುಗನಿಗೆ ಲ್ಯಾಟಿನ್ ಅಷ್ಟಾಗಿ ಬಾರದು. ಹಾಗಾಗಿ ಅಪ್ಪ ಕುಳಿತು ಇಂಗ್ಲಿಷಿನಲ್ಲಿ ಬರೆದ. ಗ್ರೀಕರು ಗ್ರೀಕಿನಲ್ಲಿ, ಅರಬರು ಅರಬ್ಬಿಯಲ್ಲಿ, ಯಹೂದಿಗಳು ಹೀಬ್ರೂವಿನಲ್ಲಿ ಇದನ್ನು ಕಲಿತರು, ರೋಮಿನವರು ಎಲ್ಲರಿಂದ ಕಲಿತು ತಮ್ಮ ಲ್ಯಾಟಿನ್ನಿಗೆ ತಂದುಕೊಂಡರು, ಹಾಗಿರುವಾಗ ನಿನಗೆ ಇಂಗ್ಲಿಷ್ ಸಾಕು ಎಂಬುದು ಅವನ ವಾದ. ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ, ಮಗು ಮರೆಯುವುದಕ್ಕಿಂತ ಎರಡು ಸಲ ಬರೆಯುವುದು ಮೇಲು ಎಂದು ಓದುಗರ ಕ್ಷಮೆಯನ್ನೂ ಕೇಳುತ್ತಾನೆ. ಇದರಲ್ಲಿ ಏನೂ ನನ್ನದಲ್ಲ, ಹಳಬರದ್ದನ್ನು ಕೂಡಿಸಿದ್ದೇನೆ ಎಂದೂ ಒಪ್ಪಿಕೊಳ್ಳುತ್ತಾನೆ. ಇಂಗ್ಲಿಷಿನ ಅತಿ ಹಳೆಯ ತಾಂತ್ರಿಕ ಕೈಪಿಡಿಗಳಲ್ಲಿ ಇದೊಂದು.

ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನನ್ನ ಹಾಗೆಯೇ ಕನ್ನಡ ಮಾಧ್ಯಮದ ಹಳ್ಳಿ ಹುಡುಗ. ಅವನ ಅಪ್ಪ ಮೋಟರ್ ವೈಂಡಿಂಗ್ ಮಾಡುವವರು. ಸುಟ್ಟ ಪಂಪ್‌ಸೆಟ್ಟನ್ನು ಕಣ್ಣುಮುಚ್ಚಿ ಬಿಚ್ಚಿ ಕೂಡಿಸುತ್ತಿದ್ದ. ಆದರೆ ತರಗತಿಯಲ್ಲಿ ಅದೇ ಮೋಟರಿನ ಪಾಠ ನಡೆದಾಗ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದಕ್ಕೆ ಎಲ್ಲರೆದುರು ನಗೆಪಾಟಲಾದ. ವರ್ಷ ಮುಗಿಯುವ ಮೊದಲೇ ಟ್ರಂಕು ಕಟ್ಟಿದ. ನಾನು ಹೇಗೋ ದಾಟಿಕೊಂಡೆ. ಮೋಟರನ್ನು ನನಗಿಂತ ಚೆನ್ನಾಗಿ ಬಲ್ಲವನು ಅವನೇ. ಚಾಸರ್ ಲೂಯಿಸನಿಗೆ ಬರೆದಂತೆ ಆ ಹುಡುಗನಿಗೆ ಯಾರಾದರೂ ಅರವತ್ತು ಪುಟ ಬರೆದುಕೊಟ್ಟಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕೊನೆಯ ವರ್ಷಗಳಲ್ಲಿ ಮತ್ತೆ ಹಣದ ಮುಗ್ಗಟ್ಟು. 1399ರಲ್ಲಿ ರಿಚರ್ಡನನ್ನು ಇಳಿಸಿ ನಾಲ್ಕನೆಯ ಹೆನ್ರಿ ಪಟ್ಟಕ್ಕೆ ಬಂದ. ಚಾಸರ್ ತನ್ನ ಖಾಲಿ ಹಣದ ಚೀಲವನ್ನು ಮುನಿಸಿಕೊಂಡ ನಲ್ಲೆಯೆಂದು ಕರೆದು ಒಂದು ಪದ್ಯ ಕಟ್ಟಿ ಹೊಸ ರಾಜನಿಗೆ ಕಳಿಸಿದ. ವರ್ಷಕ್ಕೆ 40 ಮಾರ್ಕ್ ಹೆಚ್ಚಾಯಿತು. ಆ ಡಿಸೆಂಬರ್ 24ರಂದು ವೆಸ್ಟ್‌ಮಿನ್‌ಸ್ಟರ್ ಮಠದ ತೋಟದಲ್ಲಿ ಒಂದು ಮನೆಯನ್ನು 53 ವರ್ಷಗಳ ಕರಾರಿಗೆ ಹಿಡಿದ. ಆಗ ಅವನಿಗೆ ಅರವತ್ತರ ಆಸುಪಾಸು. ಸಮಾಧಿಯ ಮೇಲಿನ ಬರಹದ ಪ್ರಕಾರ 1400ರ ಅಕ್ಟೋಬರ್ 25ರಂದು ತೀರಿಕೊಂಡ. ಮಠದ ಒಕ್ಕಲಾಗಿದ್ದುದರಿಂದ ಅಲ್ಲೇ ಮಣ್ಣು ಮಾಡಿದರು. ಈಗಿನ ಸಮಾಧಿ ಕಟ್ಟಿದ್ದು 1556ರಲ್ಲಿ. ಆಮೇಲೆ ಒಬ್ಬೊಬ್ಬರಾಗಿ ಬೇರೆ ಕವಿಗಳನ್ನೂ ಅವನ ಬಳಿ ಹೂಳುತ್ತ ಬಂದು ಅದು ಕವಿಗಳ ಮೂಲೆ ಎಂದು ಹೆಸರಾಯಿತು.

ಅವನ ಬದುಕಿನ ಬಗ್ಗೆ ಸರ್ಕಾರಿ ಕಡತಗಳಲ್ಲಿ ಸಿಕ್ಕ 493 ದಾಖಲೆಗಳನ್ನು ವಿದ್ವಾಂಸರು 1966ರಲ್ಲಿ ಅಚ್ಚು ಹಾಕಿಸಿದರು. ಸಂಬಳ, ಬಟ್ಟೆ, ದ್ರಾಕ್ಷಾರಸ, ಸಾಲ, ದರೋಡೆ ಎಲ್ಲ ಇದೆ. ಅವನು ಕವಿ ಎಂದು ಒಂದರಲ್ಲೂ ಇಲ್ಲ. ಕವಿಯಾಗಿ ಅವನನ್ನು ಉಳಿಸಿದ್ದು ಕೈಬರಹದ ಪ್ರತಿ ಮಾಡಿಕೊಂಡ ಓದುಗರು. ಕ್ಯಾಂಟರ್ಬರಿ ಟೇಲ್ಸ್‌ನ ಎಂಬತ್ತಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ. ಕ್ಯಾಕ್ಸ್‌ಟನ್ ಅದನ್ನು 1476ರ ಸುಮಾರಿಗೆ ಅಚ್ಚು ಹಾಕಿದಾಗ ಒಬ್ಬ ಓದುಗ ಬಂದು, ಇದರಲ್ಲಿ ತಪ್ಪಿದೆ, ನಮ್ಮಪ್ಪನ ಬಳಿ ಸರಿಯಾದ ಪ್ರತಿ ಇದೆ ಎಂದನಂತೆ. ಕ್ಯಾಕ್ಸ್‌ಟನ್ ಅದನ್ನು ತರಿಸಿಕೊಂಡು ಎರಡನೆಯ ಆವೃತ್ತಿ ತಂದ. ಉಳಿದ ಪ್ರತಿಗಳ ಸಂಖ್ಯೆಯಲ್ಲಿ ಅದರ ನಂತರದ ಸ್ಥಾನ ಪ್ರೇಮಕಾವ್ಯಕ್ಕಲ್ಲ, ಹತ್ತು ವರ್ಷದ ಹುಡುಗನಿಗೆ ಬರೆದ ಆ ಯಂತ್ರದ ಕೈಪಿಡಿಗೆ. ಮೂವತ್ತಕ್ಕೂ ಹೆಚ್ಚು ಪ್ರತಿಗಳಿವೆ. ಅವುಗಳಲ್ಲಿ ಕೆಲವಕ್ಕೆ ನಕಲು ಮಾಡಿದವರು ತಾವೇ ಒಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ, ಮಕ್ಕಳಿಗೆ ಹಾಲು ರೊಟ್ಟಿ.